ಔಷಧಿ ತರುವ ಮುಂಚೆ ಹುಲ್ಲು ಎಳೆದು ನೋಡಿ

ಲಾನ್ ಅಲ್ಲಲ್ಲಿ ಹಳದಿಯಾದ ಕೂಡಲೇ ಅಂಗಡಿಗೆ ಓಡಬೇಡಿ. ಆ ಜಾಗದ ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ಎಳೆಯಿರಿ. ಗಟ್ಟಿಯಾಗಿ ನಿಂತಿದ್ದರೆ ನೀರು ಸಾಲದೆ ಒಣಗಿರಬಹುದು, ಇಲ್ಲವೇ ಬೀದಿನಾಯಿ ಉಚ್ಚೆ ಹೊಯ್ದಿರಬಹುದು, ಸುಮ್ನೆ ಹುಳುವನ್ನು ಬೈಯಬೇಡಿ. ಚಾಪೆ ಸುತ್ತಿದ ಹಾಗೆ ಹುಲ್ಲು ಎದ್ದು ಬಂತೋ, ಕೆಳಗೆ ಗೊಣ್ಣೆ ಹುಳು ಬೇರು ತಿಂದಿದೆ ಅಂತ ಲೆಕ್ಕ. ಬಿಳಿ ಮೈ, ಕಂದು ತಲೆ, ಮುದುರಿಕೊಂಡು ಬಿದ್ದಿರುತ್ತದೆ. ಚದರ ಅಡಿಗೆ ಒಂದೆರಡು ಸಿಕ್ಕರೆ ಬಿಟ್ಟುಬಿಡಿ. ಐದಾರು ದಾಟಿದರೆ ಕೈಹಾಕಬೇಕು.

ಹಿಂದೆ ನಾನೂ ಯಾರದೋ ಮಾತು ಕೇಳಿ ಫೋರೇಟ್ ಅನ್ನುವ ಕೀಟನಾಶಕದ ಹರಳು ಹಾಕಿದ್ದೆ. ಆ ಘಾಟಿಗೆ ಎರಡು ದಿನ ಕಿಟಕಿ ತೆಗೆಯಲಿಲ್ಲ, ಮೊಮ್ಮಗಳನ್ನು ಅಂಗಳಕ್ಕೆ ಬಿಡಲಿಲ್ಲ. ಮಗು ಓಡಾಡದ ಮೇಲೆ ಲಾನ್ ಯಾಕೆ ಅಲ್ವಾ? 2020ರ ಡಿಸೆಂಬರ್ 31ರಿಂದ ಫೋರೇಟ್ ದೇಶದಲ್ಲೇ ನಿಷೇಧವಾಗಿದೆ. ಹಳೇ ಸ್ಟಾಕ್ ಇದೆ ಅಂತ ಯಾರಾದರೂ ಕೊಟ್ಟರೂ ಮುಟ್ಟಬೇಡಿ.

ಈ ಗೊಣ್ಣೆ ಹುಳುವೇ ಬೆಳೆದು ದುಂಬಿಯಾಗುತ್ತದೆ, ಹುಳುವಿಗಿಂತ ದುಂಬಿ ಹಿಡಿಯುವುದು ಸುಲಭ. ಏಪ್ರಿಲ್, ಮೇ ಹೊತ್ತಿಗೆ ಮೊದಲ ಜೋರು ಮಳೆ ಬಿದ್ದ ಮೇಲೆ, ಕತ್ತಲಾಗುವಾಗ ಅವು ಮಣ್ಣಿನಿಂದೆದ್ದು ಬೇವಿನ ಮರಕ್ಕೆ ಮುತ್ತಿಕೊಳ್ಳುತ್ತವೆ, ಆಗ ಕೆಳಗೊಂದು ಹಳೇ ಸೀರೆ ಹಾಸಿ ಕೊಂಬೆ ಅಲ್ಲಾಡಿಸಿದರೆ ಪಟಪಟ ಉದುರುತ್ತವೆ, ಬಾಚಿ ಸೋಪು ನೀರಿನ ಬಕೆಟ್ಟಿಗೆ ಹಾಕಿಬಿಡಿ. ಮೊಟ್ಟೆ ಇಡುವುದರೊಳಗೆ ನಾಲ್ಕು ಸಂಜೆ ಹೀಗೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಪಕ್ಕದ ಮನೆಯವರನ್ನೂ ಸೇರಿಸಿಕೊಳ್ಳಿ, ದುಂಬಿಗೆ ಕಾಂಪೌಂಡ್ ಗೊತ್ತಿಲ್ಲ.

ಮಣ್ಣೊಳಗೆ ಆಗಲೇ ಇರುವ ಮರಿಹುಳುವಿಗೆ ಮೆಟಾರೈಜಿಯಂ ಅನ್ನುವ ಶಿಲೀಂಧ್ರದ ಪುಡಿ ಸಿಗುತ್ತದೆ. ತೇವವಿರುವ ಎರೆಗೊಬ್ಬರಕ್ಕೆ ಬೆರೆಸಿ ಒಂದು ವಾರ ನೆರಳಲ್ಲಿಟ್ಟು, ಸಂಜೆ ಹರಡಿ ನೀರು ಹಾಯಿಸಿ. ಶಿಲೀಂಧ್ರನಾಶಕ ಹೊಡೆದ ಲಾನ್‌ಗೆ ಹಾಕಿದರೆ ದಂಡ, ಅದೇ ಸತ್ತುಹೋಗುತ್ತದೆ. ಹುಳು ನಿಧಾನವಾಗಿ ಸಾಯುತ್ತದೆ, ಮರುದಿನವೇ ಅಗೆದು ನೋಡಬೇಡಿ!

ಇನ್ನೊಂದು, ಸರಿಯಾಗಿ ಕೊಳೆಯದ ಸಗಣಿ ಗೊಬ್ಬರವನ್ನು ಲಾನ್‌ಗೆ ಎಂದೂ ಸುರಿಯಬೇಡಿ, ದುಂಬಿ ಮೊಟ್ಟೆ ಇಡುವುದೇ ಅಲ್ಲಿ. ನಮ್ಮ ಮನೆಗೆ ಹುಳು ಬಂದದ್ದೇ ಹಾಗೆ, ಕಡಿಮೆಗೆ ಸಿಕ್ಕಿತು ಅಂತ ಒಂದು ಗಾಡಿ ಹಸಿ ಗೊಬ್ಬರ ಹಾಕಿಸಿದ್ದೆ. ಹುಲ್ಲನ್ನೂ ತೀರಾ ಬೋಳಿಸಬೇಡಿ, ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲು ಕತ್ತರಿಸಿದರೆ ಸಾಕು. ಮೈನಾ, ಬೆಳ್ಳಕ್ಕಿ ಬಂದು ಹುಳುವಿಗಾಗಿ ಕೆದಕಿದರೆ ಓಡಿಸಬೇಡಿ, ಒಂದು ವಾರ ಲಾನ್ ನೋಡಲು ಚೆಂದ ಇರುವುದಿಲ್ಲ ಅಷ್ಟೇ.