200 ನಿಮಿಷ, 12 ಹುಡುಗೀರು: ಕಾಲೇಜು ಬಾಸ್ಕೆಟ್‌ಬಾಲ್ ಕೋಚ್ ಆಗಿ ನನ್ನ ಅನುಭವ

ಆಟ ಮುಗಿಸಿ ಕೋಚಿಂಗ್ ಕಡೆ ಬರ್ಬೇಕು ಅಂತಿರೋ ಹುಡುಗೀರು, ಮೇಡಂ ಈ ಕೆಲ್ಸದಲ್ಲಿ ಯಾವ್ದು ಕಷ್ಟ ಅಂತ ಕೇಳ್ತಾನೇ ಇರ್ತಾರೆ. ನಾನು ಒಂದು ಲೆಕ್ಕ ಹೇಳ್ತೀನಿ. ಫಿಬಾ, ಅಂದ್ರೆ ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ, ಅದರ ರೂಲ್ಸ್ ಪ್ರಕಾರ ಮ್ಯಾಚು ಹತ್ತತ್ತು ನಿಮಿಷದ ನಾಲ್ಕು ಕ್ವಾರ್ಟರು, ಒಟ್ಟು 40 ನಿಮಿಷ, ಕೋರ್ಟಲ್ಲಿ ಐದು ಜನ, ಅಂದ್ರೆ ಕೋಚ್ ಕೈಲಿ ಹಂಚೋಕೆ ಇರೋದು 200 ನಿಮಿಷ ಅಷ್ಟೆ. ಟೀಮಲ್ಲಿ 12 ಜನ. ಸಮ ಸಮ ಹಂಚಿದ್ರೆ ತಲಾ ಹದಿನಾರು ಹದಿನೇಳು ನಿಮಿಷ ಬರತ್ತೆ, ಆದ್ರೆ ಹಾಗೆ ಹಂಚಿ ಟೂರ್ನಮೆಂಟ್ ಗೆಲ್ಲೋಕಾಗಲ್ಲ, ಚೆನ್ನಾಗಿ ಆಡೋ ಐದಾರು ಜನ ಮೂವತ್ತರ ಹತ್ರ ಆಡ್ತಾರೆ, ಉಳಿದೋರಿಗೆ ಚೂರುಪಾರು ಸಿಗತ್ತೆ, ಇಬ್ರು ಮೂವರಿಗೆ ಏನೂ ಸಿಗಲ್ಲ. ಆ ಏನೂ ಸಿಗದ ಹುಡುಗಿ ನಾಳೆ ಬೆಳಿಗ್ಗೆ ಪ್ರಾಕ್ಟೀಸಿಗೆ ಅದೇ ಜೋಶಲ್ಲಿ ಬರ್ಬೇಕು. ಅವಳು ಹಾಗೆ ಬರೋ ಥರ ಟೀಮನ್ನ ನಡೆಸೋದೇ ಕಾಲೇಜು ಕೋಚ್ ಕೆಲ್ಸ ಅಂತ ನಾನು ಗಟ್ಟಿಯಾಗಿ ನಂಬಿದೀನಿ, ಕೋರ್ಟಲ್ಲಿ ಯಾರು ಎಲ್ಲಿ ಓಡ್ಬೇಕು ಅಂತ ಪ್ಲೇ ಬರೆಯೋದು ಡ್ರಿಲ್ ಮಾಡ್ಸೋದು ಎಲ್ಲಾ ಆಮೇಲಿನ ಮಾತು.

ನಾನು ಪಾಯಿಂಟ್ ಗಾರ್ಡ್ ಆಗಿ, ಅಂದ್ರೆ ಬಾಲ್ ತಂದು ಆಟ ನಡೆಸೋಳಾಗಿ ಆಡಿ, ಆಮೇಲೆ ಅಸಿಸ್ಟೆಂಟ್ ಕೋಚ್ ಆಗಿ ಬಂದೋಳು. ಅಸಿಸ್ಟೆಂಟ್ ಅಂದ್ರೆ ಎದುರಾಳಿ ಟೀಮಿನ ವೀಡಿಯೋ ಕಟ್ ಮಾಡೋದು, ಸ್ಕೌಟಿಂಗ್ ರಿಪೋರ್ಟ್ ಬರೆಯೋದು, ನೀರಿನ ಬಾಟಲಿ ತುಂಬ್ಸೋದು, ಬಸ್ಸಿನ ಟೈಮ್ ನೋಡೋದು, ಹಾಸ್ಟೆಲ್ ವಾರ್ಡನ್ ಹತ್ರ ಪರ್ಮಿಷನ್ ತರೋದು, ಎಲ್ಲಾ ಸೇರತ್ತೆ. ಇದನ್ನ ಯಾರೂ ಕೀಳಾಗಿ ನೋಡ್ಬಾರ್ದು. ಅಮೆರಿಕದ ಹೆಸರಾಂತ ಕೋಚ್ ಪ್ಯಾಟ್ ಸಮ್ಮಿಟ್ 1974ರಲ್ಲಿ 22ನೇ ವಯಸ್ಸಿಗೇ ಟೆನೆಸಿ ಯೂನಿವರ್ಸಿಟಿ ಹುಡುಗೀರ ಟೀಮಿಗೆ ಹೆಡ್ ಕೋಚ್ ಆದಾಗ ವ್ಯಾನ್ ಓಡ್ಸಿದ್ದೂ ಅವರೇ, ಜೆರ್ಸಿ ಒಗೆದಿದ್ದೂ ಅವರೇ. ಅಲ್ಲಿಂದ 38 ಸೀಸನ್, 1,098 ಗೆಲುವು, ಎಂಟು ರಾಷ್ಟ್ರೀಯ ಚಾಂಪಿಯನ್‌ಶಿಪ್. ಮಧ್ಯದಲ್ಲಿ 1976ರ ಒಲಿಂಪಿಕ್ಸಲ್ಲಿ ಆಟಗಾರ್ತಿಯಾಗಿ ಬೆಳ್ಳಿ, 1984ರಲ್ಲಿ ಕೋಚ್ ಆಗಿ ಚಿನ್ನ. ಇಷ್ಟೆಲ್ಲಾ ಇದ್ರೂ ನನಗೆ ಅವರ ಬಗ್ಗೆ ತುಂಬಾ ಗೌರವ ಬರೋದು ಅವರ ಹುಡುಗೀರು ಡಿಗ್ರಿ ಮುಗಿಸಿಯೇ ಹೋಗ್ತಿದ್ರು ಅನ್ನೋದಕ್ಕೆ.

ಸರಿ, ಈ 200 ನಿಮಿಷಾನ ನಾನು ಹೇಗೆ ಸಂಭಾಳಿಸ್ತೀನಿ ಅಂತ ಹೇಳ್ತೀನಿ. ಸೀಸನ್ ಶುರು ಆಗೋ ಮುಂಚೆ ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಮಾತಾಡ್ತೀನಿ, ಬಾಗ್ಲು ತೆರೆದೇ ಇರತ್ತೆ, ಆದ್ರೆ ಬೇರೆ ಆಟಗಾರ್ತಿಯರು ಇರಲ್ಲ. ಮೊದ್ಲು ಅವಳನ್ನೇ ಕೇಳೋದು, ಈ ಟೀಮಲ್ಲಿ ನೀನು ಎಷ್ಟು ನಿಮಿಷ ಆಡ್ತೀಯ ಅಂತ ನಿಂಗನ್ಸತ್ತೆ ಅಂತ. ಆಮೇಲೆ ನನ್ನ ಲೆಕ್ಕ ನೇರವಾಗಿ ಹೇಳ್ತೀನಿ. ಸದ್ಯಕ್ಕೆ ನಿಂಗೆ ಐದು ನಿಮಿಷ ಇದೆ, ಯಾಕಂದ್ರೆ ಎಡಗೈ ಡ್ರಿಬಲ್ ಮೇಲೆ ಪ್ರೆಷರ್ ಬಂದ್ರೆ ಬಾಲ್ ಕಳ್ಕೊಳ್ತೀಯ, ಅದು ಸರಿ ಹೋದ್ರೆ ಹತ್ತಾಗತ್ತೆ. ಹೀಗೆ. "ಇನ್ನೂ ಕಷ್ಟಪಡು" ಅನ್ನೋ ಮಾತು ಬೇಡ, ಅದ್ರಿಂದ ಅವಳಿಗೆ ನಾಳೆ ಏನ್ ಮಾಡ್ಬೇಕು ಅಂತ ಗೊತ್ತಾಗಲ್ಲ. ಕೆಲವ್ರು ಅಳ್ತಾರೆ, ಅಳ್ಲಿ, ಪರ್ವಾಗಿಲ್ಲ, ಸುಳ್ಳು ಭರವಸೆ ಕೊಟ್ಟು ಮೂರು ತಿಂಗಳು ಬೆಂಚಲ್ಲಿ ಕೂರ್ಸೋದಕ್ಕಿಂತ ಅದು ಸಾವಿರ ಪಾಲು ವಾಸಿ.

ಪ್ರಾಕ್ಟೀಸಲ್ಲೂ ಇದೇ ಯೋಚನೆ ಮೇಲೆ ನಡೀತೀವಿ. ಬೆಂಚಿನ ಎರಡನೇ ಐದು ಜನಾನ ಬರೀ ಡಮ್ಮಿ ಡಿಫೆನ್ಸ್ ಥರ ನಿಲ್ಸಲ್ಲ. ಸ್ಕ್ರಿಮೇಜ್, ಅಂದ್ರೆ ನಮ್ಮಲ್ಲೇ ಆಡೋ ಪ್ರಾಕ್ಟೀಸ್ ಮ್ಯಾಚು, ಶುರು ಮಾಡೋದೇ ಒಂದು ಪರಿಸ್ಥಿತಿಯಿಂದ: ಕೊನೇ ಕ್ವಾರ್ಟರು, ಎರಡು ನಿಮಿಷ ಬಾಕಿ, ಎರಡನೇ ಗುಂಪು ನಾಲ್ಕು ಪಾಯಿಂಟ್ ಹಿಂದೆ, ಮೊದಲನೇ ಗುಂಪಿನ ಮೇಲೆ ಈಗಾಗ್ಲೇ ನಾಲ್ಕು ಟೀಮ್ ಫೌಲ್ (ಆ ಕ್ವಾರ್ಟರಲ್ಲಿ ಟೀಮಿನೋರೆಲ್ಲಾ ಸೇರಿ ಮಾಡಿದ್ದು). ಇನ್ನೊಂದು ಫೌಲ್ ಆದ್ರೆ ಎದುರಿನೋರಿಗೆ ಎರಡು ಫ್ರೀ ಥ್ರೋ (ಯಾರೂ ತಡೆಯದ ಶಾಟ್), ಅದಕ್ಕೆ ಎರಡನೇ ಗುಂಪಿನೋರು ಹೊರಗಿಂದ ಶಾಟ್ ಹೊಡೆಯೋದು ಬಿಟ್ಟು ಬ್ಯಾಸ್ಕೆಟ್ ಕಡೆ ನುಗ್ಗಿ ಫೌಲ್ ಗಿಟ್ಟಿಸ್ಬೇಕು ಅಂತ ಅವರೇ ಯೋಚಿಸ್ಬೇಕು. ಟೈಮ್‌ಔಟ್ ಕೂಡ ಅವರೇ ತಗೊಳ್ತಾರೆ, ನಾನು ಬಾಯಿ ಹಾಕಲ್ಲ. ಐದು ಫೌಲಿಗೆ ಆಟಗಾರ್ತಿ ಹೊರಗೆ ಹೋಗೋ ಆಟ ಇದು, ಮೊದಲ ಕ್ವಾರ್ಟರಲ್ಲೇ ನಿಮ್ಮ ಸೆಂಟರಿಗೆ (ರಿಂಗ್ ಹತ್ರ ಆಡೋ ಎತ್ತರದೋಳಿಗೆ) ಎರಡು ಫೌಲ್ ಬಿದ್ರೆ ಬೆಂಚಿಂದ ಯಾರೋ ಏಳ್ಲೇಬೇಕು, ಆವಾಗ ಏಳೋಳಿಗೆ ಇಂಥ ಎರಡು ನಿಮಿಷ ನೂರು ಸಲ ಆಡಿದ ಅಭ್ಯಾಸ ಇರ್ಬೇಕು.

ಒಬ್ಬ ಹುಡುಗಿ ಇದ್ಲು, ಫಾರ್ವರ್ಡ್, ಹೈಟು ಕಮ್ಮಿ, ಜಂಪೂ ಅಷ್ಟಕ್ಕಷ್ಟೆ. ಅವಳಿಗೆ ಕೊಟ್ಟ ಕೆಲ್ಸ ಏನಂದ್ರೆ ಮುಂದಿನ ಮ್ಯಾಚಿನ ಎದುರಾಳಿ ಪೋಸ್ಟ್ ಪ್ಲೇಯರ್ (ರಿಂಗ್ ಹತ್ರ ಆಡೋಳು) ಹೇಗೆ ಆಡ್ತಾಳೋ ಹಾಗೇ ಪ್ರಾಕ್ಟೀಸಲ್ಲಿ ಆಡೋದು. ವೀಡಿಯೋ ನೋಡಿ ನೋಡಿ ಅವಳು ಎಷ್ಟು ತಯಾರಾದ್ಲು ಅಂದ್ರೆ ಬೆಂಚಲ್ಲಿ ಕೂತೇ ಸ್ಕ್ರೀನ್ (ನಮ್ಮ ಡಿಫೆಂಡರಿಗೆ ಎದುರಾಳಿ ಅಡ್ಡ ನಿಲ್ಲೋದು) ಎಡಕ್ಕೆ ಬರ್ತಿದೆ ಅಂತ ಕೂಗೋಳು, ಅದು ಎಡಕ್ಕೇ ಬರ್ತಿತ್ತು. ಒಂದ್ಸಲ ಸೆಂಟರ್ ಫೌಲ್ ಔಟ್ ಆದಾಗ ಅವಳನ್ನೇ ಹಾಕ್ದೆ, ಆ ಕ್ವಾರ್ಟರಲ್ಲಿ ಒಂದು ಪಾಯಿಂಟೂ ಹೊಡೀಲಿಲ್ಲ, ಆದ್ರೆ ತನಗಿಂತ ಅರ್ಧ ಅಡಿ ಎತ್ತರದೋಳನ್ನ ಬಾಕ್ಸ್ ಔಟ್ ಮಾಡಿ ಮಾಡಿ, ಅಂದ್ರೆ ರಿಬೌಂಡಿಗೆ ಮುಂಚೆ ಮೈ ಅಡ್ಡ ಇಟ್ಟು ತಡೆದು, ರಿಂಗ್ ಹತ್ರಾನೇ ಬಿಡ್ಲಿಲ್ಲ. ಮ್ಯಾಚ್ ಸೋತ್ವಿ. ಆದ್ರೂ ಮಾರನೇ ದಿನದ ವೀಡಿಯೋ ಸೆಷನಲ್ಲಿ ನಾನು ಮೊದ್ಲು ತೋರ್ಸಿದ್ದು ಅವಳ ಬಾಕ್ಸ್ ಔಟೇ, ಒಂದೊಂದನ್ನೂ ನಿಲ್ಸಿ ನಿಲ್ಸಿ.

ಇನ್ನು ಮಂಡಿ. ಹುಡುಗೀರ ಕೋಚ್ ಆಗೋಳು ಇದನ್ನ ಓದ್ಕೊಂಡಿರ್ಲೇಬೇಕು. ಎಸಿಎಲ್ ಅನ್ನೋ ಮಂಡಿಯೊಳಗಿನ ಲಿಗಮೆಂಟ್ ಹರಿಯೋದು ಬಾಸ್ಕೆಟ್‌ಬಾಲಲ್ಲಿ ಹುಡುಗರಿಗಿಂತ ಹುಡುಗೀರಿಗೆ ಎರಡು ಪಟ್ಟಿಗೂ ಜಾಸ್ತಿ, ಅದ್ರಲ್ಲೂ ಹೆಚ್ಚಿನವು ಯಾರೂ ಡಿಕ್ಕಿ ಹೊಡೀದೇನೇ, ಜಂಪ್ ಮಾಡಿ ಇಳಿಯುವಾಗ ಅಥ್ವಾ ಓಡ್ತಾ ಓಡ್ತಾ ದಿಕ್ಕು ಬದಲಾಯಿಸುವಾಗ ಆಗತ್ತೆ. ಆಪರೇಷನ್ ಆದ್ರೆ ಮತ್ತೆ ಆಡೋಕೆ ಒಂಬತ್ತು ತಿಂಗಳಾದ್ರೂ ಬೇಕು, ಮೂರು ನಾಕು ವರ್ಷದ ಕಾಲೇಜು ಆಟದಲ್ಲಿ ಒಂದು ಪೂರ್ತಿ ಸೀಸನ್ ಹೋಯ್ತು ಅಂತಾನೇ ಲೆಕ್ಕ. ಅದಕ್ಕೆ ನಮ್ಮ ವಾರ್ಮ್‌ಅಪ್ಪಲ್ಲಿ ಮೊದಲ ಕಾಲು ಗಂಟೆ ಬಾಲ್ ಮುಟ್ಟೋ ಹಾಗಿಲ್ಲ. ಒಂಟಿ ಕಾಲಲ್ಲಿ ಸ್ಕ್ವಾಟ್, ಹ್ಯಾಮ್‌ಸ್ಟ್ರಿಂಗ್ ಎಕ್ಸರ್ಸೈಜು, ಜಂಪ್ ಮಾಡಿ ಸದ್ದಿಲ್ದೆ ಇಳಿಯೋದು, ಇಳಿದಾಗ ಮಂಡಿ ಒಳಗಡೆ ಬಾಗ್ಬಾರ್ದು, ಕಾಲ್ಬೆರಳಿನ ನೇರಕ್ಕೆ ಇರ್ಬೇಕು. ನಾನು ಮುಂದೆ ನಿಂತು ಬರೀ ಮಂಡಿ ನೋಡ್ತಿರ್ತೀನಿ. ಬೋರ್ ಆಗತ್ತೆ ಅಂತಾರೆ, ಆಗ್ಲಿ ಬಿಡಿ. ಮಂಡಿ ಪೆಟ್ಟಾಗಿ ಕೂತೋಳು ಕೂಡ ಟೀಮಿನೋಳೇ, ಅವಳ ನಿಮಿಷ ಸೊನ್ನೆ ಆದ್ರೂ ಅವಳ ಕೈಗೆ ಕ್ಲಿಪ್‌ಬೋರ್ಡ್ ಕೊಡ್ತೀನಿ, ಯಾರು ಬಾಕ್ಸ್ ಔಟ್ ಮಾಡಿದ್ರು ಯಾರು ಮಾಡ್ಲಿಲ್ಲ ಅಂತ ಗುರುತು ಹಾಕೋ ಕೆಲ್ಸ, ಫಿಸಿಯೋ ಹತ್ರ ಹೋಗೋದು ಮಾತ್ರ ತಪ್ಪಿಸೋ ಹಾಗಿಲ್ಲ.

ಹಾಗೇ ಪೀರಿಯಡ್ಸ್ ಬಗ್ಗೆ ಮುಚ್ಚುಮರೆ ಇಲ್ದೆ ಮಾತಾಡ್ಬೇಕು. ಜಾಸ್ತಿ ಓಡಿ ಕಮ್ಮಿ ತಿಂದ್ರೆ ಮುಟ್ಟು ನಿಲ್ಲತ್ತೆ, ಮೂಳೆ ಸವೀತಾ ಬಂದು ಸ್ಟ್ರೆಸ್ ಫ್ರಾಕ್ಚರ್ ಆಗೋ ಅಪಾಯ ಇರತ್ತೆ. ತಿಂಗಳುಗಟ್ಲೆ ಆಗಿಲ್ಲ ಅಂತ ಹುಡುಗಿ ಬಂದು ಹೇಳೋ ಧೈರ್ಯ ಅವಳಿಗೆ ಬರ್ಬೇಕಾದ್ರೆ ಕೋಚೇ ಮೊದ್ಲು ಆ ಮಾತು ಎತ್ತಿರ್ಬೇಕು, ನಾನು ಸೀಸನ್ ಮೊದಲ ಮೀಟಿಂಗಲ್ಲೇ ಎತ್ತಿ ಬಿಡ್ತೀನಿ, ಡಾಕ್ಟರ್ ಹತ್ರ ಕಳ್ಸೋದು ಆಮೇಲೆ ಸುಲಭ.

ಇನ್ನೊಂದು ವಿಷಯ ಹೇಳ್ಲೇಬೇಕು. ಈ ಆಟಾನ ಹೆಣ್ಮಕ್ಕಳಿಗೆ ಮೊದ್ಲು ಕಲ್ಸಿದ್ದೇ ಒಬ್ಬ ಕಾಲೇಜು ಟೀಚರಮ್ಮ, ಸೆಂಡಾ ಬೆರೆನ್ಸನ್, ಅಮೆರಿಕದ ಸ್ಮಿತ್ ಕಾಲೇಜಲ್ಲಿ, 1892ರಲ್ಲಿ, ಆಟ ಹುಟ್ಟಿ ಇನ್ನೂ ವರ್ಷ ತಿರುಗಿತ್ತೋ ಇಲ್ವೋ. ಅದೇ ದೇಶದಲ್ಲಿ ಓದಿನ ಜಾಗದಲ್ಲಿ ಹೆಣ್ಣು ಗಂಡು ಭೇದ ಮಾಡ್ಬಾರ್ದು ಅಂತ ಟೈಟಲ್ ನೈನ್ ಕಾನೂನು 1972ರಲ್ಲಿ ಬಂತು, ಹುಡುಗೀರ ಟೀಮುಗಳಿಗೆ ದುಡ್ಡು ಬಂತು, ಸಂಬಳ ಬಂತು, ಅದ್ರ ಜೊತೆಗೇ ಕೋಚ್ ಕುರ್ಚಿಗೆ ಗಂಡಸರೂ ಬಂದ್ರು. ಕಾನೂನಿಗೆ ಮುಂಚೆ ಅಲ್ಲಿ ಕಾಲೇಜು ಹುಡುಗೀರ ಎಲ್ಲಾ ಆಟದ ಟೀಮುಗಳನ್ನ ಸೇರ್ಸಿ ನೋಡಿದ್ರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕೋಚುಗಳು ಹೆಂಗಸರೇ, ಆಮೇಲೆ ಅದು ಅರ್ಧಕ್ಕಿಂತ ಕೆಳಗೆ ಇಳೀತು. ಒಳ್ಳೇ ಗಂಡಸು ಕೋಚುಗಳು ಖಂಡಿತ ಇದ್ದಾರೆ, ಆದ್ರೆ ಆಡಿ ಬೆಳೆದ ಹುಡುಗೀರು ಈ ಕೆಲ್ಸಕ್ಕೆ ಬರ್ದೇ ಹೋಗೋದು ನನಗೆ ನಿಜವಾಗ್ಲೂ ಸಂಕಟ. ಅದಕ್ಕೇ ಬೆಂಚಲ್ಲಿ ಕೂತು ಆಟ ಓದೋ ಹುಡುಗೀರನ್ನ ನಾನು ಕೋಚಿಂಗ್ ಕಡೆ ಎಳೀತೀನಿ, ಮೇಲೆ ಹೇಳಿದ ಆ ಫಾರ್ವರ್ಡ್ ಕೂಡ ಈಗ ಚಿಕ್ಕ ಮಕ್ಕಳಿಗೆ ಕಲಿಸ್ತಾಳೆ.

ಬರೋರಿಗೆ ಎಲ್ಲಿಂದ ಶುರು ಮಾಡೋದು ಅಂದ್ರೆ, ಮೊದ್ಲು ಟೇಬಲ್ ಅಫಿಷಿಯಲ್ ಕೆಲ್ಸ, ಅಂದ್ರೆ ಕೋರ್ಟ್ ಪಕ್ಕದ ಮೇಜಲ್ಲಿ ಕೂತು ಸ್ಕೋರು ಟೈಮು ನೋಡೋದು, ಕಲೀರಿ. ಸ್ಕೋರ್‌ಶೀಟ್ ಬರೀರಿ, ಶಾಟ್ ಕ್ಲಾಕ್ (ಬಾಲ್ ಸಿಕ್ಕ ಟೀಮು ಎಷ್ಟು ಸೆಕೆಂಡಲ್ಲಿ ಶಾಟ್ ಹೊಡೀಬೇಕು ಅಂತ ತೋರ್ಸೋ ಗಡಿಯಾರ) ಒತ್ತಿ. 24 ಸೆಕೆಂಡ್ ಯಾವಾಗ, ಆಫೆನ್ಸಿವ್ ರಿಬೌಂಡ್ ಆದ್ರೆ (ತಪ್ಪಿದ ಶಾಟಿನ ಬಾಲ್ ಹೊಡೆದ ಟೀಮಿಗೇ ಮತ್ತೆ ಸಿಕ್ಕಿದ್ರೆ) 14 ಯಾಕೆ, ಟೀಮ್ ಫೌಲ್ ಎಷ್ಟಾಯ್ತು, ಮೊದಲಾರ್ಧದ ಎರಡು ಟೈಮ್‌ಔಟಲ್ಲಿ ಎಷ್ಟು ಉಳೀತು, ಇದೆಲ್ಲಾ ಕಣ್ಣಿಗೆ ಬೀಳ್ತಾ ಬೀಳ್ತಾ ತಲೇಲಿ ಕೂರತ್ತೆ. ಅಲ್ಲಿ ಕೂತಾಗ ಎರಡೂ ಕೋಚುಗಳು ಯಾವ ನಿಮಿಷದಲ್ಲಿ ಯಾರನ್ನ ಎಬ್ಬಿಸ್ತಾರೆ ಅಂತ ಒಂದು ಬೇರೆ ಹಾಳೇಲಿ ಬರ್ಕೊಳಿ, ಹತ್ತು ಹದಿನೈದು ಮ್ಯಾಚಿಂದು ಬರೆದು ನಿಮ್ಮ ಕಾಲೇಜು ಕೋಚ್ ಹತ್ರ ತಗೊಂಡು ಹೋಗಿ ಅಸಿಸ್ಟೆಂಟಾಗಿ ಸೇರ್ಸ್ಕೊಳಿ ಅಂತ ಕೇಳಿ.