ಹಳೆಯ ಮಸ್ಟ್ಯಾಂಗ್‌ಗೆ ಟ್ರ್ಯಾಕ್ ಸಸ್ಪೆನ್ಷನ್ ಆರಿಸುವ ಬಗೆ

1965–66ರ ಫೋರ್ಡ್ ಮಸ್ಟ್ಯಾಂಗ್ ಕಾರನ್ನು ರೇಸ್ ಟ್ರ್ಯಾಕ್‌ಗೆ ಸಿದ್ಧಪಡಿಸುವವರು ಹೊಸ ಸಸ್ಪೆನ್ಷನ್ ಕೊಳ್ಳುವ ಮೊದಲು, ಇರುವುದು ಎಲ್ಲಿ ಸೋಲುತ್ತಿದೆ ಎಂಬುದನ್ನು ಕಂಡುಕೊಳ್ಳಬೇಕು. ಕೀಲುಗಳೊಳಗಿನ ಸವೆದ ಬುಷ್‌ಗಳನ್ನು (ರಬ್ಬರ್ ತೋಳುಗಳನ್ನು) ಬದಲಿಸದೆ ನಡೆಸಿದ ಪರೀಕ್ಷೆಗೆ ಬೆಲೆಯಿಲ್ಲ.

ಮುಂಭಾಗದಲ್ಲಿ ಮೂಲ ವಿನ್ಯಾಸವನ್ನು ಉಳಿಸಿಕೊಂಡು ತಿದ್ದುವುದೇ ಲೇಸು. ಮಸ್ಟ್ಯಾಂಗ್‌ನದೇ ವೇಗದ ರೂಪವಾದ 1965ರ ಶೆಲ್ಬಿ ಜಿಟಿ350ಯಲ್ಲಿ, ಚಕ್ರವನ್ನು ಕಾರಿನ ದೇಹಕ್ಕೆ ಜೋಡಿಸುವ ಮೇಲಿನ ಕಂಟ್ರೋಲ್ ಆರ್ಮ್‌ನ ತಿರುಗುಬಿಂದುವನ್ನು 1 ಇಂಚು ಕೆಳಗಿಳಿಸಿದ್ದರು. ಇದರಿಂದ ತಿರುವಿನಲ್ಲಿ ಕಾರು ವಾಲಿದರೂ ಹೊರಬದಿಯ ಟೈರು ರಸ್ತೆಯ ಮೇಲೆ ಹೆಚ್ಚು ಸಮತಟ್ಟಾಗಿ ಕೂರುತ್ತದೆ. ಬದಿಗೆ ಎರಡರಂತೆ ಹೊಸ ರಂಧ್ರ ಕೊರೆದು ಮಾಡುವ ಈ ಕೆಲಸಕ್ಕೆ ಖರ್ಚು ಅಲ್ಪ, ಫಲ ದೊಡ್ಡದು.

ನಿಜವಾದ ಆಯ್ಕೆ ಇರುವುದು ಹಿಂಭಾಗದಲ್ಲಿ. ಅಲ್ಲಿರುವ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಭಾರವನ್ನೂ ಹೊರಬೇಕು, ಆಕ್ಸಲ್ ಅನ್ನೂ ಹಿಡಿದಿಡಬೇಕು. ಎಂಜಿನ್ನಿನ ಪೂರ್ತಿ ಬಲ ಬಿದ್ದಾಗ ಅದರ ಪಟ್ಟಿಗಳು 'ಎಸ್' ಅಕ್ಷರದಂತೆ ಬಾಗಿ, ಮರುಕ್ಷಣವೇ ಚಿಮ್ಮಿ, ಚಕ್ರಗಳು ದಡದಡನೆ ಕುಪ್ಪಳಿಸತೊಡಗುತ್ತವೆ. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಟ್ರ್ಯಾಕ್‌ಗೆ ಹೋಗುವವರಿಗೆ ಉತ್ತಮ ಶಾಕ್ ಅಬ್ಸಾರ್ಬರ್ ಮತ್ತು ಪಟ್ಟಿಗಳು ಹಾಗೆ ಬಾಗದಂತೆ ತಡೆಯುವ ಟ್ರ್ಯಾಕ್ಷನ್ ಬಾರ್ ಸಾಕು. ಪದೇಪದೇ ಓಡಿಸುವವರು ಭಾರವನ್ನು ಕಾಯಿಲ್ ಸ್ಪ್ರಿಂಗ್ ಹೊತ್ತು, ಆಕ್ಸಲ್ ಅನ್ನು ಮೂರು ಸರಳುಗಳು ಹಿಡಿದಿಡುವ ಮೂರು ಲಿಂಕ್ ವ್ಯವಸ್ಥೆಗೆ ಹೋಗಬಹುದು. ಅದರೊಂದಿಗೆ ಆಕ್ಸಲ್ ಅನ್ನು ಅಡ್ಡಡ್ಡವಾಗಿ ಹಿಡಿಯಲು ಒಂದೇ ಸರಳಿನ ಪ್ಯಾನ್‌ಹಾರ್ಡ್ ರಾಡ್ ಸರಳ ಆಯ್ಕೆ, ಆದರೆ ಆಕ್ಸಲ್ ಮೇಲೆ ಕೆಳಗೆ ಚಲಿಸುವಾಗ ಸ್ವಲ್ಪ ಪಕ್ಕಕ್ಕೂ ಸರಿಯುತ್ತದೆ. ಎರಡು ಸರಳುಗಳನ್ನು ನಡುವೆ ತಿರುಗುವ ತುಂಡಿಗೆ ಜೋಡಿಸಿದ ವಾಟ್ಸ್ ಲಿಂಕ್ ಆ ಸರಿಯುವಿಕೆಯನ್ನು ಬಹುಪಾಲು ತಡೆಯುತ್ತದಾದರೂ ತೂಕ ಮತ್ತು ಜಾಗ ಹೆಚ್ಚು ಬೇಡುತ್ತದೆ.

ಯಾವುದನ್ನೇ ಜೋಡಿಸಿದರೂ ಶಾಕ್‌ನ ದಂಡಕ್ಕೆ ಒಂದು ಕೇಬಲ್ ಟೈ ಕಟ್ಟಿ ಓಡಿಸಿ, ಅದು ಸರಿದು ನಿಂತ ಜಾಗದಿಂದ ಶಾಕ್ ಎಷ್ಟು ಕುಗ್ಗಿತೆಂದು ನೋಡಿ ಸ್ಪ್ರಿಂಗ್‌ನ ಗಡಸುತನವನ್ನು ನಿರ್ಧರಿಸಿ.