ಅಗ್ಗದ ಕಿಸೆ ಟಾರ್ಚನ್ನು ಮನೆಯಲ್ಲೇ ತಿದ್ದಿಕೊಂಡ ಬಗೆ

ಪೇಟೆಯಲ್ಲಿ 200–300 ರೂಪಾಯಿಗೆ ಸಿಗುವ, ತಲೆಯನ್ನು ಮುಂದಕ್ಕೆ ಎಳೆದರೆ ಬೆಳಕು ಒಂದೆಡೆ ಕೂಡುವ, ಹಿಂದಕ್ಕೆ ತಳ್ಳಿದರೆ ಹರಡುವ ಪುಟ್ಟ ಅಲ್ಯೂಮಿನಿಯಂ ಟಾರ್ಚು ಈಗ ಬಹಳ ಮನೆಗಳಲ್ಲಿದೆ. ಎಸ್‌ಕೆ-68 ಎಂದು ಕರೆಯುವ ಮಾದರಿಯ ನಕಲುಗಳಿವು. ಪೆನ್ ಟಾರ್ಚಿಗಿಂತ ತುಸು ದಪ್ಪ, ಒಂದೇ ಸೆಲ್ಲು, ಅಂಗಿಯ ಜೇಬಿನಲ್ಲಿ ಹಿಡಿಸುವ ಗಾತ್ರ. ಇದರ ಮೈ ಮತ್ತು ಹಿಂಬದಿಯ ಗುಂಡಿ ಆ ಬೆಲೆಗೆ ನಿಜಕ್ಕೂ ಚೆನ್ನಾಗಿವೆ. ಕಳಪೆಯಾಗಿರುವುದು ಒಳಗಿನ ಎಲ್‌ಇಡಿ, ಅದಕ್ಕೆ ವಿದ್ಯುತ್ ಹರಿಸುವ ಪುಟ್ಟ ಫಲಕ ಮತ್ತು ಶಾಖ ಹೊರಹೋಗುವ ದಾರಿ. ಈ ಮೂರನ್ನೂ ಬದಲಿಸಿ ನಾನು ಒಂದು ಟಾರ್ಚನ್ನು ಮಾಡಿಕೊಂಡಿದ್ದೇನೆ. ಟಾರ್ಚು ತಿದ್ದುವವರು ಬಹುಪಾಲು ಪ್ರಖರತೆಯ ಬೆನ್ನು ಹತ್ತುತ್ತಾರೆ; ನನಗೆ ಬೇಕಾಗಿದ್ದುದು ಅದಲ್ಲ. ಕಂಡದ್ದರ ಬಣ್ಣ ಸರಿಯಾಗಿ ಕಾಣಬೇಕು, ಮೊದಲ ನಿಮಿಷದಲ್ಲಿ ಇದ್ದಷ್ಟೇ ಬೆಳಕು ಅರ್ಧ ಗಂಟೆಯ ನಂತರವೂ ಇರಬೇಕು ಎಂಬುದಷ್ಟೇ ನನ್ನ ಅಪೇಕ್ಷೆಯಾಗಿತ್ತು.

ಬಣ್ಣದ ಮಾತನ್ನು ಮೊದಲು ಎತ್ತಲು ಕಾರಣವಿದೆ. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿ ಪಾಳಿಯಲ್ಲೇ ಬರುವುದರಿಂದ, ಕತ್ತಲಲ್ಲಿ ತೋಟಕ್ಕೆ ಇಳಿದು ಮೋಟಾರು ಹಾಕಿ, ಗೇಟ್‌ವಾಲ್ವ್ ತಿರುಗಿಸಿ ಬರುವ ಕೆಲಸ ತಪ್ಪಿದ್ದಲ್ಲ. ನೆಲದ ತುಂಬ ಅಡಿಕೆ ಸೋಗೆ, ತರಗೆಲೆ. ಕೊಳಕುಮಂಡಲದ ಮೈಬಣ್ಣವೂ ಕಂದು, ಅದರ ಮೇಲೆ ಇನ್ನಷ್ಟು ಗಾಢವಾದ ಕಂದು ಮಚ್ಚೆಗಳು. ಅಗ್ಗದ ಟಾರ್ಚಿನ ನೀಲಿ ಬೆರೆತ ಬಿಳಿ ಬೆಳಕಿನಲ್ಲಿ ಒಣಗಿದ ಸೋಗೆ, ಹಸಿ ಮಣ್ಣು, ಹಾವಿನ ಮೈ ಎಲ್ಲವೂ ಒಂದೇ ಬೂದುಬಣ್ಣಕ್ಕೆ ತಿರುಗುತ್ತವೆ. ಬಿಳಿ ಎಲ್‌ಇಡಿ ಎಂಬುದು ನಿಜವಾಗಿ ನೀಲಿ ಎಲ್‌ಇಡಿಯೇ. ಅದರ ಮೇಲೆ ಬಳಿದ ಹಳದಿ ಫಾಸ್ಫರ್ ಪದರವು ನೀಲಿಯ ಒಂದು ಪಾಲನ್ನು ಹಳದಿಯತ್ತ ತಿರುಗಿಸಿದಾಗ ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ತೋರುತ್ತದೆ. ಅಗ್ಗದ ಎಲ್‌ಇಡಿಗಳಲ್ಲಿ ಈ ಮಿಶ್ರಣದೊಳಗೆ ಕೆಂಪಿನ ಪಾಲು ತೀರ ಕಡಿಮೆ ಇರುತ್ತದೆ. ಕಂದು ಬಣ್ಣವನ್ನು ಬೂದಿಯಿಂದ ಬೇರ್ಪಡಿಸಿ ತೋರಿಸುವುದು ಆ ಕೆಂಪೇ. ಬಣ್ಣಗಳನ್ನು ಎಷ್ಟು ನಿಷ್ಠವಾಗಿ ತೋರಿಸುತ್ತದೆ ಎಂಬುದನ್ನು ಅಳೆಯುವ ಸಿಆರ್‌ಐ ಎಂಬ ಸೂಚ್ಯಂಕದಲ್ಲಿ ಸೂರ್ಯನ ಬೆಳಕಿಗೆ 100 ಅಂಕವಾದರೆ ಸಾಮಾನ್ಯ ಟಾರ್ಚಿನ ಎಲ್‌ಇಡಿ 70ರ ಆಸುಪಾಸಿನಲ್ಲಿರುತ್ತದೆ. ನಾನು ಆರಿಸಿಕೊಂಡದ್ದು ಜಪಾನಿನ ನಿಚಿಯಾ ಕಂಪನಿಯ 219ಸಿ, ಸಿಆರ್‌ಐ 90ಕ್ಕೂ ಮೇಲೆ, ಬಣ್ಣದ ತಾಪ (ಬಿಳಿ ಬೆಳಕು ಹಳದಿಯತ್ತ ವಾಲಿದೆಯೋ ನೀಲಿಯತ್ತಲೋ ಎಂಬುದರ ಅಳತೆ) 4000 ಕೆಲ್ವಿನ್. ನೀಲಿ ಎಲ್‌ಇಡಿಗಾಗಿ 2014ರಲ್ಲಿ ನೊಬೆಲ್ ಹಂಚಿಕೊಂಡ ಶುಜಿ ನಕಮುರಾ ಆ ಕೆಲಸವನ್ನು ನಡೆಸಿದ್ದು ಇದೇ ಕಂಪನಿಯಲ್ಲಿದ್ದಾಗ.

ಬಿಚ್ಚುವ ಮೊದಲು ಅಳೆದು ನೋಡುವುದು ಅಗತ್ಯ. ಹಿಂಬದಿಯ ಮುಚ್ಚಳ ತೆಗೆದು, ಮಲ್ಟಿಮೀಟರಿನ ಕೆಂಪು ತಂತಿಯನ್ನು 10 ಆಂಪ್ ತೂತಿಗೆ ಬದಲಿಸಿ, ಒಂದು ಮೊನೆಯನ್ನು ಸೆಲ್ಲಿನ ತಳಕ್ಕೂ ಇನ್ನೊಂದನ್ನು ಕೊಳವೆಯ ಬಣ್ಣವಿಲ್ಲದ ಅಂಚಿಗೂ ಮುಟ್ಟಿಸಿದರೆ ಟಾರ್ಚು ಉರಿಯುತ್ತದೆ, ಮೀಟರು ಪ್ರವಾಹವನ್ನು ತೋರಿಸುತ್ತದೆ. ಪೂರ್ತಿ ಚಾರ್ಜಾದ, ಪೆನ್ಸಿಲ್ ಸೆಲ್ಲಿನದೇ ಗಾತ್ರದ 14500 ಎಂಬ ಲಿಥಿಯಂ ಸೆಲ್ಲಿನಲ್ಲಿ ನನಗೆ ಮೊದಲು ಕಂಡದ್ದು 1.2 ಆಂಪ್, ಅದು ನೋಡನೋಡುತ್ತಲೇ ಇಳಿಯತೊಡಗಿತು. ಇದರ ಮೂಲ ಫಲಕವು 1.5 ವೋಲ್ಟಿನ ಪೆನ್ಸಿಲ್ ಸೆಲ್ಲಿನ ವೋಲ್ಟೇಜನ್ನು ಎಲ್‌ಇಡಿಗೆ ಬೇಕಾದ 3 ವೋಲ್ಟಿನವರೆಗೆ ಏರಿಸಲೆಂದು ಮಾಡಿದ್ದು. ಸೆಲ್ಲೇ 4.2 ವೋಲ್ಟ್ ಕೊಟ್ಟಾಗ ಏರಿಸುವುದಕ್ಕೆ ಏನೂ ಉಳಿಯುವುದಿಲ್ಲ, ತಡೆಯುವ ವ್ಯವಸ್ಥೆಯೂ ಅದರಲ್ಲಿಲ್ಲ, ಪ್ರವಾಹ ನೇರವಾಗಿ ಎಲ್‌ಇಡಿಗೆ ನುಗ್ಗುತ್ತದೆ.

ತಲೆಯನ್ನು ಪೂರ್ತಿ ಬಿಚ್ಚಿದಾಗ ಒಳಗೆ ಬಿರಡೆಯಂತಹ ಒಂದು ಲೋಹದ ತುಂಡು ಸಿಗುತ್ತದೆ. ಅದರ ತಳದಲ್ಲಿ ಫಲಕ, ನೆತ್ತಿಯ ಮೇಲೆ ಎಲ್‌ಇಡಿ ಕೂತ 16 ಮಿ.ಮೀ. ಅಗಲದ ಬಿಲ್ಲೆ. ಬಿಲ್ಲೆಯನ್ನು ಎತ್ತಿ ನೋಡಿದರೆ ಕೆಳಗೆ ಟೊಳ್ಳು. ಅದು ಅಂಚಿನಲ್ಲಿ ಒಂದು ಮಿಲಿಮೀಟರಿನಷ್ಟು ಅಗಲದ ಬಳೆಯ ಮೇಲೆ ಮಾತ್ರ ಕೂತಿತ್ತು, ನಡುವೆ ಶಾಖ ದಾಟಿಸುವ ಥರ್ಮಲ್ ಪೇಸ್ಟಿನ ಲೇಪವೂ ಇರಲಿಲ್ಲ. ಎಲ್‌ಇಡಿ ಸೇವಿಸುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳಕಾಗದೆ ಶಾಖವಾಗುತ್ತದೆ. ಆ ಶಾಖ ಕೊಳವೆಗೆ ಹರಿದು ಕೈಗೆ ಬಿಸಿ ತಟ್ಟಿದರೆ ಒಳ್ಳೆಯದೇ. ಸೆಲ್ಲು ತುಂಬಿದ್ದರೂ ಟಾರ್ಚು ತಣ್ಣಗಿದ್ದು ಬೆಳಕು ಮಂಕಾಗುತ್ತಿದ್ದರೆ ಶಾಖ ಎಲ್‌ಇಡಿಯಲ್ಲೇ ಸಿಕ್ಕಿಕೊಂಡು ಅದನ್ನು ಸುಡುತ್ತಿದೆ ಎಂದರ್ಥ. ಟಾರ್ಚು ಬಿಸಿಯಾಗುವುದೇ ದೋಷವೆಂದು ನಂಬಿದವರು ಬಹಳ, ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಆ ಟೊಳ್ಳನ್ನು ತುಂಬಿದ್ದೇ ಈ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು. ತಾಮ್ರದ ಪಾತ್ರೆ ಮಾಡುವವರ ಬಳಿ ಉಳಿದ ತಗಡಿನ ಚೂರು ಸುಲಭವಾಗಿ ಸಿಗುತ್ತದೆ. ಕೆಲವರು ಇದಕ್ಕೆ ನಾಣ್ಯ ಬಳಸುತ್ತಾರೆ. ಚಲಾವಣೆಯ ನಾಣ್ಯವನ್ನು ಕತ್ತರಿಸುವುದು 2011ರ ನಾಣ್ಯ ಕಾಯ್ದೆಯಂತೆ ಅಪರಾಧ, ಅದರ ಗೊಡವೆಗೆ ಹೋಗುವುದು ಬೇಡ. ಟೊಳ್ಳಿನ ಒಳ ಅಗಲವನ್ನು ವರ್ನಿಯರ್‌ನಿಂದ ಅಳೆದು, ತಗಡಿನಿಂದ ಅದಕ್ಕಿಂತ ಕೂದಲೆಳೆಯಷ್ಟು ದೊಡ್ಡ ಬಿಲ್ಲೆಗಳನ್ನು ಕತ್ತರಿಸಿ, ಅಂಚನ್ನು ಅರದಿಂದ ಉಜ್ಜುತ್ತಾ, ಮತ್ತೆ ಮತ್ತೆ ಇಟ್ಟು ನೋಡುತ್ತಾ, ಹೆಬ್ಬೆರಳಿನಿಂದ ಬಲವಾಗಿ ಒತ್ತಿದರೆ ಮಾತ್ರ ಒಳಗೆ ಇಳಿಯುವ ಹದಕ್ಕೆ ತಂದೆ. ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು ಬೆಸೆದು, ತಂತಿಗಳಿಗಾಗಿ ಎರಡು ತೂತು ಕೊರೆದು ಕೂರಿಸಿದೆ. ಮೇಲ್ಮೈಯು ಅಂಚಿನ ಬಳೆಯೊಂದಿಗೆ ಸರಿಸಮನಾಗುವವರೆಗೆ, ಗಾಜಿನ ಮೇಲೆ ಹಾಸಿದ ಎಮರಿ ಕಾಗದದ ಮೇಲೆ ನೀರು ಹನಿಸಿ ಇಡೀ ತುಂಡನ್ನು ಉಜ್ಜಿದೆ. ತಾಮ್ರವು ಬಳೆಗಿಂತ ಎತ್ತರವಾದರೆ ಎಲ್‌ಇಡಿ ಮೇಲಕ್ಕೆ ಬಂದು ಮಸೂರದಿಂದ ಅದಕ್ಕಿರುವ ದೂರ ಬದಲಾಗುತ್ತದೆ, ತಲೆಯನ್ನು ಎಷ್ಟು ಎಳೆದರೂ ತಳ್ಳಿದರೂ ಬೆಳಕು ಮೊದಲಿನಂತೆ ಕೂಡುವುದಿಲ್ಲ. ಈ ಸಮತಟ್ಟಿಗೆ ಎಷ್ಟು ಹೊತ್ತು ಕೊಟ್ಟರೂ ಸಾರ್ಥಕವೇ.

219ಸಿ ಎಲ್‌ಇಡಿ ಸುಮಾರು 3.5 ಮಿ.ಮೀ. ಚೌಕದ ತುಣುಕು. ತಳದಲ್ಲಿ ಧನ, ಋಣ ಎಂಬ ಎರಡು ಪಟ್ಟಿಗಳು, ಅವುಗಳ ನಡುವೆ ಶಾಖ ಇಳಿಯಲೆಂದೇ ಇರುವ ಅಗಲವಾದ ಮೂರನೆಯ ಪಟ್ಟಿ. ಸೋಲ್ಡರಿಂಗ್ ಐರನ್ನಿನ ಮೊನೆ ಆ ನಡುಪಟ್ಟಿಯನ್ನು ಮುಟ್ಟಲಾರದು, ಆದ್ದರಿಂದ ಬಿಲ್ಲೆಯನ್ನೇ ಕೆಳಗಿನಿಂದ ಕಾಯಿಸಬೇಕು. ಹಳೆಯ ಇಸ್ತ್ರಿ ಪೆಟ್ಟಿಗೆಯೊಂದನ್ನು ತಲೆಕೆಳಗಾಗಿ ಇಟ್ಟಿಗೆಗಳ ನಡುವೆ ಅಲುಗದಂತೆ ನಿಲ್ಲಿಸಿ, ಶಾಖವನ್ನು ಪೂರ್ತಿ ಏರಿಸಿಕೊಂಡೆ. ಈ ಕೆಲಸಕ್ಕೆ ದೋಸೆ ಕಾವಲಿಯನ್ನಾಗಲಿ ಅಡುಗೆಯ ಯಾವುದೇ ಪಾತ್ರೆಯನ್ನಾಗಲಿ ಮುಟ್ಟಬಾರದು, ಏಕೆಂದರೆ ಬೆಸುಗೆಯಲ್ಲಿ ಸೀಸವಿದೆ. ಆ ಇಸ್ತ್ರಿ ಪೆಟ್ಟಿಗೆಯೂ ಮತ್ತೆ ಬಟ್ಟೆಗೆ ಬೇಡ. ಅಗ್ಗದ ಅಲ್ಯೂಮಿನಿಯಂ ಬಿಲ್ಲೆಯಲ್ಲಿ ಎಲ್‌ಇಡಿಗೂ ಲೋಹಕ್ಕೂ ನಡುವೆ ನಿರೋಧಕ ಪದರವೊಂದು ಇರುತ್ತದೆ, ನಡುಪಟ್ಟಿ ನೇರವಾಗಿ ಲೋಹಕ್ಕೇ ಬೆಸೆದುಕೊಳ್ಳುವ ತಾಮ್ರದ ಬಿಲ್ಲೆಯನ್ನು ನಾನು ತರಿಸಿದ್ದೆ. ಮೂರೂ ಪಟ್ಟಿಗಳ ಮೇಲೆ ಸೋಲ್ಡರ್ ಪೇಸ್ಟನ್ನು ತೀರ ತೆಳ್ಳಗೆ ಸವರಿ, ಧನ ಋಣ ಗುರುತು ನೋಡಿಕೊಂಡು ಚಿಮುಟದಿಂದ ಎಲ್‌ಇಡಿಯನ್ನು ಕೂರಿಸಿ, ಬಿಲ್ಲೆಯನ್ನು ಇಸ್ತ್ರಿ ಪೆಟ್ಟಿಗೆಯ ಮೇಲೆ ಜಾರಿಸಿದೆ. 63 ಪಾಲು ತವರ, 37 ಪಾಲು ಸೀಸವಿರುವ ಬೆಸುಗೆ 183 ಡಿಗ್ರಿಯಲ್ಲಿ ಕರಗುತ್ತದೆ. ಮೊದಲು ಪೇಸ್ಟು ಹೊಗೆಯಾಡಿ ಬೂದುಬಣ್ಣದಲ್ಲೇ ಉಳಿಯುತ್ತದೆ. ಬಳಿಕ ಒಮ್ಮೆಲೇ ಬೆಳ್ಳಿಯ ಹೊಳಪು ಬಂದು, ಓರೆಯಾಗಿ ಕೂತಿದ್ದ ಎಲ್‌ಇಡಿ ಯಾರೂ ಮುಟ್ಟದೆಯೇ ತಿರುಗಿ ನೇರವಾಗಿ ನಿಲ್ಲುತ್ತದೆ. ಕರಗಿದ ಲೋಹದ ಮೇಲ್ಮೈ ಸೆಳೆತವೇ ಅದನ್ನು ನಡುವಿಗೆ ಎಳೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ಎಲ್‌ಇಡಿಯ ಅಂಚನ್ನು ಚಿಮುಟದಿಂದ ಮೆಲ್ಲಗೆ ತಟ್ಟಿದೆ, ಅದು ತುಸು ಸರಿದು ಮತ್ತೆ ತನ್ನ ಜಾಗಕ್ಕೇ ಮರಳಿತು. ಹಾಗೆ ಮರಳಿದರೆ ಮೂರೂ ಪಟ್ಟಿಗಳು ಹಿಡಿದಿವೆ ಎಂದು ತಿಳಿಯಬಹುದು. ಮೇಲಿನ ಗುಮ್ಮಟ ಮೆದುವಾದ ಸಿಲಿಕೋನ್, ಅದನ್ನು ಒತ್ತಬಾರದು.

ಇನ್ನು ಫಲಕದ ವಿಷಯ. ಅದರ ಮೇಲಿನ ಬಿಡಿಭಾಗಗಳನ್ನೆಲ್ಲ ಕಿತ್ತು, ನಡುವಿನ ಧನ ಬಿಂದು ಮತ್ತು ಅಂಚಿನ ಋಣ ಬಳೆ ಎರಡನ್ನೇ ಉಳಿಸಿಕೊಂಡು, ಇವುಗಳ ನಡುವೆ ಸಂಪರ್ಕವಿಲ್ಲವೆಂದು ಮೀಟರಿನಿಂದ ಖಚಿತಪಡಿಸಿಕೊಂಡೆ. ಅಲ್ಲಿ ಎಎಂಸಿ 7135 ಎಂಬ ಎರಡು ಚಿಪ್‌ಗಳನ್ನು ಕೂರಿಸಿದೆ. ಮೂರು ಕಾಲಿನ ಈ ಚಿಪ್ ಪ್ರವಾಹವನ್ನು 350 ಮಿಲಿಆಂಪಿಗೆ ಹಿಡಿದು ನಿಲ್ಲಿಸುತ್ತದೆ. ಜೊತೆಗೆ ಬೇರಾವ ರೆಸಿಸ್ಟರೂ ಬೇಡ, ಎರಡನ್ನು ಸಮಾಂತರವಾಗಿ ಜೋಡಿಸಿದರೆ 700 ಮಿಲಿಆಂಪ್. ನಡುಗಾಲು ಹಾಗೂ ಬೆನ್ನಿನ ಅಗಲವಾದ ಪಟ್ಟಿ ಋಣ ಬಳೆಗೆ, ಒಂದು ಪಕ್ಕದ ಕಾಲು ಸೆಲ್ಲಿನ ಧನಕ್ಕೆ, ಇನ್ನೊಂದು ಪಕ್ಕದ ಕಾಲು ಎಲ್‌ಇಡಿಯ ಋಣಕ್ಕೆ. ಎಲ್‌ಇಡಿಯ ಧನ ನೇರವಾಗಿ ಸೆಲ್ಲಿನ ಧನಕ್ಕೆ. ಹೆಚ್ಚುವರಿ ವೋಲ್ಟೇಜನ್ನು ಚಿಪ್ ತಾನೇ ಶಾಖವಾಗಿ ಕಳೆಯುವುದರಿಂದ ಅದರ ಬೆನ್ನು ಬಳೆಗೆ ಚೆನ್ನಾಗಿ ಬೆಸೆದಿರಬೇಕು: ಪೂರ್ತಿ ಚಾರ್ಜಿನಲ್ಲಿ ಆ ನಷ್ಟ 0.8 ವ್ಯಾಟಿನಷ್ಟಿರುತ್ತದೆ. ಮೂರನೆಯ ಚಿಪ್ಪಿಗೂ ಜಾಗವಿತ್ತು, ಆದರೂ ನಾನು ಹಾಕಲಿಲ್ಲ. ಬೆರಳಿನಷ್ಟು ಗಾತ್ರದ ಟಾರ್ಚು ಇದಕ್ಕೂ ಹೆಚ್ಚು ಪ್ರವಾಹ ಎಳೆದರೆ ಕೈಯಲ್ಲಿ ಹಿಡಿಯಲಾಗದಷ್ಟು ಕಾಯುತ್ತದೆ, ಸೆಲ್ಲು ಬೇಗ ಮುಗಿಯುತ್ತದೆ, ಕಣ್ಣಿಗೆ ಕಾಣುವ ಬೆಳಕು ಮಾತ್ರ ಅಷ್ಟೇನೂ ಹೆಚ್ಚುವುದಿಲ್ಲ. ಹಿಂಬದಿಯ ಸ್ಪ್ರಿಂಗಿಗೆ ತಾಮ್ರದ ಎಳೆ ಬೆಸೆದು ಅದರ ತಡೆಯನ್ನು ತಗ್ಗಿಸುವ ರೂಢಿಯೂ ಉಂಟು. 700 ಮಿಲಿಆಂಪಿಗೆ ಅದರ ಅಗತ್ಯ ನನಗೆ ಕಾಣಲಿಲ್ಲ.

ಉಳಿದ ಜೋಡಣೆ ಸಣ್ಣ ಕೆಲಸ. ಬಿಲ್ಲೆಯ ಕೆಳಗೆ ಥರ್ಮಲ್ ಪೇಸ್ಟನ್ನು ತೆಳ್ಳಗೆ ಹಚ್ಚಿದೆ, ಥ್ರೆಡ್‌ಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದೆ, ರಬ್ಬರ್ ಬಳೆಗಳಿಗೆ ಸಿಲಿಕೋನ್ ಗ್ರೀಸ್ ಹಾಕಿದೆ. ಎಳೆದು ತಳ್ಳುವ ತಲೆ ಪ್ರತಿ ಸಲವೂ ಹೊರಗಿನ ಗಾಳಿಯನ್ನು ಒಳಕ್ಕೆಳೆಯುವುದರಿಂದ, ಮಲೆನಾಡಿನ ಮಳೆಗಾಲದಲ್ಲಿ ಮಸೂರದ ಒಳಗೆ ಮಂಜು ಕಟ್ಟುವುದನ್ನು ಗ್ರೀಸಿನಿಂದಲೂ ಪೂರ್ತಿ ತಪ್ಪಿಸಲಾಗುವುದಿಲ್ಲ.

ಮತ್ತೆ ಅಳೆದಾಗ ಮೀಟರು 0.69 ಆಂಪ್ ತೋರಿಸಿತು. ಹತ್ತು ನಿಮಿಷದ ಮೇಲೂ ಅಷ್ಟೇ. ಕೊಳವೆ ಬೆಚ್ಚಗಾಗಿತ್ತು. ಬೆಳಕು ಮೊದಲಿಗಿಂತ ಮೃದು, ಅಂಗೈಗೆ ಹಿಡಿದರೆ ಚರ್ಮದ ಕೆಂಪು ಕಾಣುತ್ತದೆ. ತೋಟದಲ್ಲಿ ಒದ್ದೆ ಸೋಗೆಗೂ ಒಣ ಸೋಗೆಗೂ, ಹಣ್ಣಡಿಕೆಗೂ ಕೊಳೆತು ಉದುರಿದ ಕಾಯಿಗೂ ಇರುವ ಅಂತರ ದೂರದಿಂದಲೇ ತಿಳಿಯುತ್ತದೆ. ಎಲ್ಲ ಸೇರಿ ಖರ್ಚು 800 ರೂಪಾಯಿ, ಅದರಲ್ಲಿ ದೊಡ್ಡ ಪಾಲು ಎಲ್‌ಇಡಿ ಮತ್ತು ಸೆಲ್ಲಿನದು. ಚಿಪ್, ಪೇಸ್ಟು, ತಂತಿಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಂದ ತಂದಿದ್ದೆ.

ಸೆಲ್ಲಿನ ಬಗ್ಗೆ ಎಚ್ಚರಿಕೆಯನ್ನು ಹೇಳಲೇಬೇಕು. 14500 ಸೆಲ್ಲು ನೋಡಲು ಪೆನ್ಸಿಲ್ ಸೆಲ್ಲಿನಷ್ಟೇ, 14 ಮಿ.ಮೀ. ದಪ್ಪ, 50 ಮಿ.ಮೀ. ಉದ್ದ, ಆದರೆ ಅದರದು 3.7 ವೋಲ್ಟ್, ಗಡಿಯಾರಕ್ಕೋ ಮಕ್ಕಳ ಆಟಿಕೆಗೋ ಹಾಕಿದರೆ ಅವು ಕೆಟ್ಟುಹೋಗುತ್ತವೆ, ಆದ್ದರಿಂದ ಮನೆಯಲ್ಲಿ ಅದನ್ನು ಬೇರೆ ಡಬ್ಬಿಯಲ್ಲಿ ಇಡುತ್ತೇನೆ. ತಿದ್ದಿದ ಟಾರ್ಚು ಇನ್ನು ಪೆನ್ಸಿಲ್ ಸೆಲ್ಲಿನಲ್ಲಿ ಉರಿಯುವುದಿಲ್ಲ, ಏಕೆಂದರೆ 7135ಕ್ಕೆ ಕನಿಷ್ಠ 2.7 ವೋಲ್ಟ್ ಬೇಕು. ಸೆಲ್ಲನ್ನು ತಿರುವುಮುರುವಾಗಿ ಹಾಕಿದರೆ ಚಿಪ್ ಸುಡುತ್ತದೆ, ಹಾಗಾಗಿ ಕೊಳವೆಯ ಮೇಲೆ ಧನದ ದಿಕ್ಕನ್ನು ಬಾಣ ಕೊರೆದು ಗುರುತಿಸಿದ್ದೇನೆ. ಹೊದಿಕೆಯ ಮೇಲೆ 2000 ಮಿಲಿಆಂಪ್ ಗಂಟೆ ಎಂದು ಅಚ್ಚಾಗಿದ್ದರೆ ನಂಬಬಾರದು. ಈ ಗಾತ್ರದ ಒಳ್ಳೆಯ ಸೆಲ್ಲಿನ ನಿಜವಾದ ಸಾಮರ್ಥ್ಯ 800ರ ಆಸುಪಾಸು, ಅಂದರೆ ಈ ಟಾರ್ಚಿಗೆ ಒಂದು ಗಂಟೆಯ ಬೆಳಕು. ಸೆಲ್ಲು 3.2 ವೋಲ್ಟಿಗೆ ಇಳಿಯುವವರೆಗೆ ಬೆಳಕು ಸಮನಾಗಿದ್ದು ಆಮೇಲೆ ಮೆಲ್ಲಗೆ ತಗ್ಗುತ್ತದೆ. ತಾನಾಗಿ ಆರುವ ಏರ್ಪಾಡು 7135ರಲ್ಲಿ ಇಲ್ಲದ ಕಾರಣ ಸೆಲ್ಲು ತೀರ ಬರಿದಾಗದಂತೆ ತಡೆಯುವ ರಕ್ಷಣಾ ಫಲಕವಿರುವ ಸೆಲ್ಲನ್ನೇ ಕೊಂಡಿದ್ದೇನೆ, ಬೆಳಕು ತಗ್ಗತೊಡಗಿತೆಂದರೆ ಮನೆಗೆ ಬಂದ ಕೂಡಲೇ ಚಾರ್ಜಿಗೆ ಇಡುತ್ತೇನೆ.